ಹಂಡೆಯ ಕೈಗೆ ಪುಟ್ಟ ಪಾತ್ರೆ

ನಮ್ಮ ಚಿಕ್ಕಪ್ಪ ಮದುವೆ ಮನೆಗಾಗುವಷ್ಟು ಸಾಂಬಾರನ್ನು ಒಬ್ಬರೇ ಮಾಡಬಲ್ಲರು. ಇಬ್ಬರಿಗಾಗುವಷ್ಟು ಮಾಡಲು ಮಾತ್ರ ಬರುವುದಿಲ್ಲ! ಇದು ಕಿವಿಗೆ ಬಿದ್ದರೆ ಚೆಂಬೂರಿನಿಂದ ವಡಾಲದ ನಮ್ಮ ಮನೆಯವರೆಗೆ ಸೌಟು ಹಿಡಿದೇ ಬಂದಾರು. ಬರಲಿ, ನಾನೇನು ಹೆದರುವುದಿಲ್ಲ.

ಉಡುಪಿ ಕಡೆಯಿಂದ ಬಂದು ಇಲ್ಲಿನ ಹೋಟೆಲಿನ ಭಟ್ಟಿಯೆದುರೇ ಆಯುಷ್ಯ ಸವೆಸಿದವರು. ಅಳತೆಯೆಂದರೆ ಮುಷ್ಟಿ. ಕಣ್ಣು ಮುಚ್ಚಿ ಹಂಡೆಗೆ ಉಪ್ಪೆಸೆದರೂ ತಪ್ಪುತ್ತಿರಲಿಲ್ಲ. ಮನೆಯ ಒಲೆ ಮಾತ್ರ ಚಿಕ್ಕಮ್ಮನದು, ಅದನ್ನು ಚಿಕ್ಕಪ್ಪ ಮುಟ್ಟಿದವರಲ್ಲ. ಈಚೆಗೆ ಚಿಕ್ಕಮ್ಮ ದೊಡ್ಡ ಕಾಯಿಲೆಯಿಂದ ಎದ್ದು ಆಸ್ಪತ್ರೆಯಿಂದ ಬಂದರು. ಊಟವೇ ಬೇಡವೆಂದರು. ಸೂಪು, ಮೆತ್ತಗೆ ಬೆಂದ ಸ್ಟ್ಯೂ, ಏನಾದರೂ ಒಳಗೆ ಹೋಗಲೇಬೇಕೆಂದರು ಡಾಕ್ಟರು. ಚಿಕ್ಕಪ್ಪ ಲುಂಗಿ ಎತ್ತಿ ಕಟ್ಟಿದರು.

"ಟಿಫಿನ್‌ನವರಿಗೆ ಹೇಳಲಾ?" ಎಂದೆ.

"ನಾನಿರುವಾಗ ಎಂತ ಟಿಫಿನ್ ಮಾರಾಯ!"

ಪಾತ್ರೆ ಕೊಡಿಸಿದವನು ನಾನೇ. ಧಾರಾವಿಯ ಗುಜರಿಯಲ್ಲಿ ಸಿಕ್ಕ ಪುಟ್ಟ ಡಚ್ ಓವನ್: ದಪ್ಪ ಬೀಡುಕಬ್ಬಿಣ, ಒಳಗೆ ಬಿಳಿ ಎನಾಮಲ್, ಹಬೆ ಬಿಡದ ಭಾರದ ಮುಚ್ಚಳ. ನೀವೂ ಕೊಳ್ಳುವುದಾದರೆ ಬೆರಳಿನಿಂದ ತಟ್ಟಿ ನೋಡಿ. ಗಂಟೆಯಂತೆ ಮೊಳಗಬೇಕು, ಬೊದ್ದೆಂದರೆ ಬಿರುಕಿದೆ. ಅಂಗಡಿಯವನೆದುರು ಮೆಚ್ಚಿದ ಮುಖವನ್ನಂತೂ ಮಾಡಲೇಬೇಡಿ! ನಾನು ಮುಚ್ಚಳದ ಹಿಡಿ ಸಡಿಲವೆಂದು ಮೂಗು ಮುರಿದು ಎದ್ದು ಹೊರಟೆ. ಅವನೇ ಓಡಿ ಬಂದು ಕೈಗಿತ್ತ.

ಚಿಕ್ಕಪ್ಪ ಅದನ್ನು ತಿರುಗಿಸಿ ನೋಡಿದರು. "ಇದೆಂತದು, ಚಟ್ನಿ ಹಾಕಿಡುವುದಾ?"

ಮೊದಲ ದಿನ ಸೋರೆಕಾಯಿ ಸೂಪು. ಕೈ ಹಳೆಯ ಅಭ್ಯಾಸದಂತೆ ಒಂದು ಮುಷ್ಟಿ ಉಪ್ಪೆಸೆಯಿತು. ನನ್ನ ಮಗಳು ರುಚಿ ನೋಡಿ, "ಅಜ್ಜ, ಯೇ ಸೂಪ್ ಹೈ ಯಾ ಜುಹೂ ಬೀಚ್? ಸಮುದ್ರದ ನೀರೇ!" ಎಂದಳು.

ಮರುದಿನ ಸ್ಟ್ಯೂ. ಒಂದು ಮುಷ್ಟಿ ಕಾಳುಮೆಣಸಿನ ಪುಡಿ ಬಿದ್ದದ್ದೇ ತಡ, ಇಡೀ ಮಹಡಿ ಸೀನಿತು! ಖಾರ ಇಳಿಸಲು ನೀರು, ನೀರಿಗೆ ಆಲೂಗಡ್ಡೆ, ಆಲೂಗಡ್ಡೆಗೆ ಮತ್ತೆ ಉಪ್ಪು. ಸ್ಟ್ಯೂ ಪುಟ್ಟ ಪಾತ್ರೆಯಿಂದ ಕುಕ್ಕರಿಗೆ, ಕುಕ್ಕರಿನಿಂದ ಬಕೆಟ್ಟಿಗೆ ಬೆಳೆಯಿತು. ಆ ಬಕೆಟ್ಟನ್ನು ಉಣ್ಣಬೇಕಾಗಿ ಬಂದ ಬಿಲ್ಡಿಂಗಿನ ವಾಚ್‌ಮನ್ ಈಗಲೂ ಚಿಕ್ಕಪ್ಪನನ್ನು ಕಂಡರೆ ಕಾರುಗಳ ಹಿಂದೆ ಅಡಗುತ್ತಾನೆ.

"ಚಮಚದಲ್ಲಿ ಅಳೆಯಿರಿ," ಎಂದೆ.

"ಚಮಚ ತಿನ್ನುವವರಿಗೆ. ಅಡುಗೆಯವನಿಗೆ ಕೈ!"

ನಗುತ್ತಿದ್ದವರೆಲ್ಲ ನಾವೇ. ಚಿಕ್ಕಮ್ಮ ಮಾತ್ರ ತುಟಿ ಒದ್ದೆ ಮಾಡಿಕೊಂಡು ಗೋಡೆಯ ಕಡೆ ಹೊರಳುತ್ತಿದ್ದರು. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ನನಗೆ ರೇಗಿತು. "ಹಠ ಬಿಡಿ ಚಿಕ್ಕಪ್ಪ, ಅವರು ಒಣಗಿ ಹೋಗುತ್ತಿದ್ದಾರೆ!"

"ನನ್ನ ಕೈ ಸೋತಿಲ್ಲ!" ಎಂದು ಗುಡುಗಿದರು.

ಕಳೆದ ಭಾನುವಾರ ಹೋದಾಗ ಡಚ್ ಓವನ್‌ನಲ್ಲಿ ಕುಂಬಳಕಾಯಿ ಸೂಪು ಸಣ್ಣಗೆ ಕುದಿಯುತ್ತಿತ್ತು. ರುಚಿ ನೋಡಿದೆ. "ಉಪ್ಪೇ ಹಾಕಿಲ್ಲವಲ್ಲ!"

"ಬಾಯಿ ಮುಚ್ಚು."

ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಮಂಚದ ಪಕ್ಕ ಇಟ್ಟರು. ಅದರ ಬದಿಗೆ ಉಪ್ಪಿನ ಭರಣಿ. ಚಿಕ್ಕಮ್ಮ ಒಂದು ಗುಟುಕು ಕುಡಿದು ಮುಖ ಸಿಂಡರಿಸಿದರು.

"ಸಪ್ಪೆ! ಇಷ್ಟು ವರ್ಷ ಹೋಟೆಲಲ್ಲಿ ಎಂತ ಮಾಡಿದ್ದು ನೀವು?"

ಬೈಯುತ್ತಲೇ ದಿಂಬಿಗೆ ಮೊಣಕೈ ಊರಿ ಎದ್ದು ಕೂತರು. ಭರಣಿಯಿಂದ ಚಿಟಿಕೆ ಉಪ್ಪೆತ್ತಿ ಪಾತ್ರೆಗೆ ಹಾಕಿ, ಕಲಕಿ, ರುಚಿ ನೋಡಿ, ಇನ್ನೂ ನಾಲ್ಕು ಕಾಳು ಉದುರಿಸಿದರು. ಆಮೇಲೆ ಬಟ್ಟಲು ಖಾಲಿಯಾಗುವವರೆಗೆ ಬೈಯುವುದನ್ನೂ ಕುಡಿಯುವುದನ್ನೂ ನಿಲ್ಲಿಸಲಿಲ್ಲ.

ಚಿಕ್ಕಪ್ಪ ಕಿಟಕಿಯ ಹೊರಗೆ ನೋಡುತ್ತಿದ್ದರು. "ಸೋತದ್ದಲ್ಲ ಮಾರಾಯ," ಎಂದರು, ದೊಡ್ಡ ಮುಷ್ಟಿಯನ್ನು ಲುಂಗಿಯ ಮರೆಗೆ ಸರಿಸುತ್ತ. "ಆ ಪಾತ್ರೆ ಅವಳ ಕೈಗೆ ಸರಿ ಉಂಟು."

ಆ ಮಾತಿಗೆ ಮಾತ್ರ ನಾನು ಚೌಕಾಸಿ ಮಾಡಲಿಲ್ಲ.