ಅಮ್ಮನ ಕೊಕ್ಕೆ ತಕ್ಕಡಿಯೂ ನನ್ನ ಅವರೆಕಾಯಿಯೂ

ಲಗೇಜು ತೂಗುವ ಕೊಕ್ಕೆ ತಕ್ಕಡಿ ನಾಲ್ಕು ಕಿಲೋ ಇನ್ನೂರು ಗ್ರಾಂ ತೋರಿಸಿತು. ಕೊಕ್ಕೆಯಲ್ಲಿ ನೇತಾಡುತ್ತಿದ್ದದ್ದು ನಾನು ಹಲಸೂರು ಮಾರುಕಟ್ಟೆಯಿಂದ ತಂದ ಅವರೆಕಾಯಿ ಚೀಲ, ತೂಗುತ್ತಿದ್ದವಳು ಅಮ್ಮ. ಆದರೆ ಅವಳ ಲೆಕ್ಕದಲ್ಲಿ ತೂಕವಾಗುತ್ತಿದ್ದದ್ದು ಅವರೆಕಾಯಿಯಲ್ಲ, ನಾನು. "ರೀ, ಬನ್ನಿ ಇಲ್ಲಿ, ನಾಲ್ಕು ದಾಟಿದೆ" ಎಂದು ಅವಳು ಅಪ್ಪನನ್ನು ಕರೆದ ದನಿ ಕೇಳಿದವರು ಮನೆಯಲ್ಲಿ ಯಾರಿಗೋ ಜ್ವರ ನೂರನಾಲ್ಕು ದಾಟಿದೆ ಎಂದುಕೊಳ್ಳಬೇಕು.

ನನಗೆ ಬೈಪೋಲಾರ್ ಟೂ ಎಂಬ ಕಾಯಿಲೆ ಇದೆ. ಮನೆಯ ವಿಷಯವನ್ನು ನಾಲ್ಕು ಜನರೆದುರು ಹೇಳಿಕೊಳ್ಳುವ ಸ್ವಭಾವ ನನ್ನದಲ್ಲ; ಆದರೂ ಇದನ್ನು ಹೇಳದೆ ಅವರೆಕಾಯಿಯ ಕಥೆ ಮುಂದೆ ಸಾಗುವುದಿಲ್ಲ. ಡಾಕ್ಟರು ಮೊದಲ ಸಲ ಹೆಸರು ಹೇಳಿದಾಗ ಅಮ್ಮ, "ಒನ್ ಅಲ್ಲ ತಾನೇ ಡಾಕ್ಟ್ರೇ?" ಎಂದು ನಿಟ್ಟುಸಿರು ಬಿಟ್ಟಳು, ಕಾಯಿಲೆಯಲ್ಲಾದರೂ ಮಗಳು ಫಸ್ಟ್ ಬರದಿದ್ದದ್ದೇ ಪುಣ್ಯ ಎಂಬಂತೆ. ಡಾಕ್ಟರು ತಾಳ್ಮೆಯಿಂದ ಬಿಡಿಸಿ ಹೇಳಿದರು: ಟೂ ಎಂದರೆ ಅರ್ಧ ಕಾಯಿಲೆಯಲ್ಲ. ಇದರಲ್ಲಿ ಮನಸ್ಸಿನ ಏರು ಅಷ್ಟು ಎತ್ತರಕ್ಕೆ ಹೋಗುವುದಿಲ್ಲ, ಹಾಗಾಗಿ ಕಣ್ಣಿಗೆ ಬೀಳುವುದಿಲ್ಲ. ಇಳಿತ ಮಾತ್ರ ಆಳವಾಗಿ, ತಿಂಗಳುಗಟ್ಟಲೆ ಇರಬಹುದು. ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದು ನಿವೃತ್ತರಾದ ಅಪ್ಪ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು: "ಟಾಲರೆನ್ಸ್ ಎಷ್ಟು ಸರ್? ಎಷ್ಟು ಹೆಚ್ಚುಕಮ್ಮಿ ಆದ್ರೆ ನಡೆಯುತ್ತೆ?"

ತಮಾಷೆಯೆಂದರೆ ನಮ್ಮ ಕಡೆ ಇಳಿತವನ್ನು ಯಾರೂ ಕಾಯಿಲೆಯೆಂದು ಒಪ್ಪಿರಲಿಲ್ಲ. ತಲೆ ಬಾಚಿಕೊಳ್ಳಲೂ ಆಗದೆ ಗೋಡೆ ನೋಡುತ್ತಾ ಮಲಗಿದ್ದಾಗ ನೆಂಟರು ಅದಕ್ಕೆ ಸೋಮಾರಿತನ, ರಕ್ತ ಕಡಿಮೆ, ಮದುವೆ ವಯಸ್ಸು ಎಂದೆಲ್ಲ ಹೆಸರಿಟ್ಟರು. ಏರಿನಲ್ಲಿದ್ದಾಗಲಂತೂ ಬರೀ ಮೆಚ್ಚುಗೆ. ಹೋದ ವರ್ಷ ಇದೇ ಕಾಲದಲ್ಲಿ ನಾನು ಒಂದು ಮೂಟೆ ಅವರೆಕಾಯಿ ಆಟೋದಲ್ಲಿ ಹಾಕಿಸಿಕೊಂಡು ಬಂದು, ನಿದ್ದೆಯ ಗೊಡವೆಯಿಲ್ಲದೆ ಸುಲಿದು, ನೆನೆಸಿ, ಸಿಪ್ಪೆ ಹಿತಕಿ ತೆಗೆದು, ಇಡೀ ಬೀದಿಗೆ ಹಿತಕಿದಬೇಳೆ ಹಂಚಿದ್ದೆ. "ಎಂಥ ಚುರುಕು ಹುಡುಗಿ!" ಎಂದು ಬೀದಿಯೇ ಹೊಗಳಿತು. ಬೇಳೆ ಖಾಲಿಯಾದ ಮೇಲೆ ನಾನೂ ಖಾಲಿಯಾದೆ. ಯುಗಾದಿಯವರೆಗೆ ಹಾಸಿಗೆ ಬಿಡಲಿಲ್ಲ. ಅಂದಿನಿಂದ ಅಮ್ಮನಿಗೆ ಅವರೆಕಾಯಿಯೇ ಥರ್ಮಾಮೀಟರು.

ಆದರೆ ನೀವೇ ಹೇಳಿ, ಸೊಗಡಿನ ಕಾಲದಲ್ಲಿ ಬೆಂಗಳೂರಿನವರನ್ನು ಅವರೆಕಾಯಿಯಿಂದ ಅಳೆಯುವುದು ನ್ಯಾಯವೇ? ಉಪ್ಪಿಟ್ಟಿಗೆ ಅವರೆಕಾಳು, ರೊಟ್ಟಿಗೆ ಅವರೆಕಾಳು, ಸಾರಿಗಂತೂ ಕೇಳಲೇಬೇಡಿ. ವರ್ಷವಿಡೀ ಮುಖ ಗಂಟು ಹಾಕಿಕೊಂಡಿರುವ ಬ್ಯಾಂಕ್ ಮ್ಯಾನೇಜರುಗಳೂ ಮಾರುಕಟ್ಟೆಯಲ್ಲಿ ಕಾಯಿ ಮೂಸಿ ಮೂಸಿ ನಗುತ್ತಿರುತ್ತಾರೆ. ಈ ಕಾಲದಲ್ಲಿ ಇಡೀ ಊರಿಗೇ ಏರು. ಮಾತ್ರೆ ನನ್ನೊಬ್ಬಳಿಗೆ.

ನಾನು ಇಷ್ಟು ರೇಗಲು ಕಾರಣವಿದೆ. ಬೈಯಪ್ಪನಹಳ್ಳಿಯಲ್ಲಿ, ಆಫೀಸಿಗೆ ಅನುಕೂಲವಾಗುವಂತೆ, ಒಂದು ರೂಮು ನೋಡಿಟ್ಟಿದ್ದೆ. ಒಬ್ಬಳೇ ಇರಬೇಕೆಂಬುದು ನನ್ನ ಹಳೆಯ ಆಸೆ. ಭಾನುವಾರದೊಳಗೆ ಓನರಿಗೆ ಹೂಂ ಅನ್ನಬೇಕಿತ್ತು. ಅಮ್ಮ ತಕ್ಕಡಿ ಕೆಳಗಿಟ್ಟು, "ಅವರೆಕಾಯಿ ಕಾಲ ಮುಗೀಲಿ, ರೂಮಿನ್ ವಿಷ್ಯ ಆಮೇಲೆ ನೋಡೋಣ" ಎಂದಳು.

"ಅಮ್ಮಾ, ಮೇಲಿನ ಮನೆ ಸರೋಜಾ ಆಂಟಿ ನಿನ್ನೆ ಹತ್ತು ಕೆಜಿ ತಂದ್ರು. ಅವರನ್ನೂ ಕೊಕ್ಕೆಗೆ ಹಾಕಿದ್ಯಾ?"

"ಅವಳು ನನ್ ಮಗಳಲ್ಲ ಕಣೆ."

"ಖುಷಿಯಾಗಿದ್ರೂ ತಪ್ಪಾ ಈ ಮನೇಲಿ? ನಕ್ಕರೆ ನಿದ್ದೆ ಮಾಡಿದ್ಯಾ ಅಂತೀಯ, ಹಾಡಿದ್ರೆ ಮಾತ್ರೆ ತಗೊಂಡ್ಯಾ ಅಂತೀಯ!"

ಅಮ್ಮ ಸಪ್ಪಗಾದಳು. "ಹೋದ್ ವರ್ಷ ಮೂಟೆ ತಂದ್ಯಲ್ಲ, ಆ ಹುಡುಗಿ ನಂಗೆ ತುಂಬಾ ಇಷ್ಟ ಆಗಿದ್ಲು. ನಾನೂ ಪಕ್ಕದಲ್ಲೇ ಕೂತ್ಕೊಂಡು ಹಿತಕಿದ್ನಲ್ಲೇ. ಅದು ಕಾಯಿಲೆ ಅಂತ ಗೊತ್ತಾಗ್ಲೇ ಇಲ್ಲ. ಅದಕ್ಕೇ ಭಯ."

ನಾನು ಮಾತು ತಿರುಗಿಸಿ ಒಂದೇ ಸಮನೆ ಹೇಳುತ್ತಾ ಹೋದೆ: ರೂಮಿನ ಗಾಳಿ ಬೆಳಕು, ಮೆಟ್ರೋ ಎಷ್ಟು ಹತ್ತಿರ ಎಂಬುದು, ಬಾಲ್ಕನಿಯಲ್ಲಿ ಬೆಳೆಸಲಿರುವ ಗಿಡಗಳು, ನಾನು ಕಲಿಯಲಿರುವ ತಮಿಳು... ಅಪ್ಪ ಪೇಪರು ಮಡಚಿದರು. "ಪುಟ್ಟೀ, ನಿನ್ ಕಾಫಿ ಆರೋಯ್ತು. ಬೆಳಗ್ಗೆ ಮಾಡ್ಕೊಂಡಿದ್ದೂ ಹಾಗೇ ಆರಿತ್ತು" ಎಂದರು. "ಟಾಲರೆನ್ಸ್ ಒಳಗೇ ಇದೆ. ಆದ್ರೆ ಮೇಲಿನ ಗೆರೆ ಹತ್ರ ಬಂದಿದೆ" ಎಂದೂ ಸೇರಿಸಿದರು. ಅಮ್ಮ ಚೀಲವೆತ್ತಿಕೊಂಡು ಹೋಗಿ ಸರೋಜಾ ಆಂಟಿಗೆ ಕೊಟ್ಟುಬಂದಳು. ಹತ್ತು ಕೆಜಿ ಇಟ್ಟುಕೊಂಡಿದ್ದ ಆಂಟಿ ಇನ್ನಷ್ಟು ಸಿಕ್ಕಿತೆಂದು ಕುಣಿದಾಡಿದರಂತೆ. ಅದಕ್ಕೆ ಯಾರೂ ಹೆಸರಿಡಲಿಲ್ಲ.

ಮರುದಿನ ಬೆಳಿಗ್ಗೆ ಅಲಾರಂ ಹೊಡೆಯುವುದಕ್ಕಿಂತ ಬಹಳ ಮೊದಲೇ ಎಚ್ಚರವಾಯಿತು. ವಾರದಿಂದ ಹಾಗೇ ಆಗುತ್ತಿತ್ತು. ಅದನ್ನು ಚಳಿಗಾಲದ ಲವಲವಿಕೆ ಎಂದುಕೊಂಡಿದ್ದೆ. ಅಪ್ಪ ಹೇಳಿದ ಗೆರೆ ನೆನಪಾಗಿ, ಹೊತ್ತೇರಿದ ಮೇಲೆ ನಾನೇ ಡಾಕ್ಟರಿಗೆ ಫೋನ್ ಮಾಡಿದೆ. ಅವರು ನಿದ್ದೆಯ ಬಗ್ಗೆ ಕೇಳಿದರು, ಶನಿವಾರ ಬನ್ನಿ ಎಂದರು, ಅಲ್ಲಿಯವರೆಗೆ ದೊಡ್ಡ ನಿರ್ಧಾರ ಯಾವುದೂ ಬೇಡ ಎಂದರು. ಇಷ್ಟು ಓದಿದವರೂ ಅಮ್ಮನ ಕೊಕ್ಕೆ ಹೇಳಿದ್ದನ್ನೇ ಹೇಳಬೇಕೆ! ರೂಮಿನ ಓನರಿಗೆ ಸ್ವಲ್ಪ ಸಮಯ ಬೇಕೆಂದು ತಿಳಿಸಿ, ಸಂಜೆ ಆಫೀಸಿನಿಂದ ಬರುತ್ತಾ ಅಪ್ಪನ ಸಾರಿಗೆಂದು ಮತ್ತೆ ಮಾರುಕಟ್ಟೆಗೆ ಹೋಗಿ ಅರ್ಧ ಕೆಜಿ ಅವರೆಕಾಯಿ ಕೇಳಿದೆ.

ಮಾರುವಾಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಈ ಸೀಸನ್‌ನಲ್ಲಿ ಅರ್ಧ ಕೆಜಿನಾ? ಯಾಕಮ್ಮಾ, ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?"

"ನನಗೇ" ಎಂದೆ. ಹೊರಗಿನವರೊಬ್ಬರ ಮುಂದೆ ನಾನು ಹಾಗೆ ಹೇಳಿದ್ದು ಅದೇ ಮೊದಲು.

"ಅಯ್ಯೋ, ಚೆನ್ನಾಗಿ ತಿನ್ನಮ್ಮಾ, ಸರಿಹೋಗುತ್ತೆ" ಎಂದು ಅವಳು ತೂಕದ ಮೇಲೆ ಎರಡು ಬೊಗಸೆ ತುಂಬ ಹಾಕಿದಳು.

ನಮ್ಮ ಗೇಟಿನ ಹೊರಗೆ ನಿಂತು, ಆ ಎರಡು ಬೊಗಸೆ ಕಾಯಿಯನ್ನು ತೆಗೆದು ಆಫೀಸಿನ ಬ್ಯಾಗಿನೊಳಗೆ ಬಚ್ಚಿಟ್ಟೆ. ಆಮೇಲೆ ಒಳಗೆ ಹೋಗಿ, ಅಮ್ಮ ಕೇಳುವ ಮೊದಲೇ, ಚೀಲವನ್ನು ನಾನೇ ಕೊಕ್ಕೆಗೆ ಸಿಕ್ಕಿಸಿ ತೋರಿಸಿದೆ.