ಬರಿಗಾಲಿನವರನ್ನೂ ಎಣಿಸಬೇಕೆಂದು ರೆಫರೆನ್ಸ್ ಕೌಂಟ್ ಅವರಲ್ಲಿ ವಿನಂತಿ

ಕಂಪ್ಯೂಟರಿನ ಒಳಾಡಳಿತ ನಡೆಸುವ ಕರ್ನಲ್ ಮಹಾಸಂಸ್ಥಾನದ ಎಣಿಕೆ ಅಧಿಕಾರಿಗಳಾದ ಶ್ರೀಮಾನ್ ರೆಫರೆನ್ಸ್ ಕೌಂಟ್ ಅವರಿಗೆ, ಕೊಪ್ಪ ತಾಲ್ಲೂಕು ಮೇಗುಂದದ ಸೇವಾ ಕೇಂದ್ರವೊಂದರಲ್ಲಿ ಕಂಪ್ಯೂಟರ್ ಕುಟ್ಟಿ ಹೊಟ್ಟೆ ಹೊರೆಯುವ ಸುಮಲತಾ ಮಾಡುವ ಅನಂತಾನಂತ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ಭಾವಿಸುತ್ತೇನೆ. ತಮಗೆ ಮೈ ಸರಿಯಿಲ್ಲದ ದಿನ ನಾವ್ಯಾರೂ ಕ್ಷೇಮವಾಗಿರುವುದಿಲ್ಲವಾದ್ದರಿಂದ ಇದು ಬರಿಯ ಉಪಚಾರದ ಮಾತಲ್ಲ. ನಮ್ಮಲ್ಲಿರುವುದು ಒಂದೇ ಕಂಪ್ಯೂಟರ್. ಅದರೊಳಗೆ ಎರಡು ಕಂಪ್ಯೂಟರ್‌ಗಳಿವೆಯೆಂದು ನಂಬಿಸಿ, ಒಂದರಲ್ಲಿ ಪಹಣಿ, ಇನ್ನೊಂದರಲ್ಲಿ ಪಿಂಚಣಿ ಕೆಲಸ ನಡೆಸುತ್ತೇವೆ. ಈ ಎರಡೂ ವರ್ಚುವಲ್ ಮೆಷಿನ್‌ಗಳನ್ನು ಹೊತ್ತು ನಿಂತಿರುವ ಮಾಡ್ಯೂಲ್ ಎಂಬ ಪುಣ್ಯಾತ್ಮನನ್ನು ಎಷ್ಟು ಮಂದಿ ನೆಚ್ಚಿಕೊಂಡಿದ್ದಾರೆಂದು ಎಣಿಸುವುದು, ಎಣಿಕೆ ಸೊನ್ನೆಯಾಗುವ ತನಕ ಅವನನ್ನು ಜಾಗ ಬಿಟ್ಟು ಕದಲಗೊಡದಿರುವುದು, ಇಷ್ಟೇ ತಮ್ಮ ಉದ್ಯೋಗ. ನಮ್ಮ ಅಂಗನವಾಡಿ ಮಕ್ಕಳು ಇಷ್ಟು ಲೆಕ್ಕವನ್ನು ಉಪ್ಪಿಟ್ಟು ತಿನ್ನುತ್ತಲೇ ಮಾಡುತ್ತವೆ.

ನಮ್ಮ ಕೇಂದ್ರಕ್ಕೆ ಬೀಗ ಹಾಕುವ ಭೈರಮ್ಮನವರದೂ ತಮ್ಮದೇ ಪದ್ಧತಿ. ಬಾಗಿಲ ಹೊರಗೆ ಚಪ್ಪಲಿ ಇದ್ದರೆ ಒಳಗೆ ಜನ, ಇಲ್ಲದಿದ್ದರೆ ಬೀಗ. ಒಮ್ಮೆ ನಾಗಪ್ಪನವರು ಕಿತ್ತುಹೋದ ಚಪ್ಪಲಿಯನ್ನು ಅಲ್ಲೇ ಬಿಟ್ಟು ಮನೆಗೆ ಹೋದದ್ದಕ್ಕೆ ಭೈರಮ್ಮ ಖಾಲಿ ಕೋಣೆಯನ್ನು ಏಳು ಗಂಟೆಯವರೆಗೆ ಕಾದು ಕೂತಿದ್ದರು. ತಾವೂ ಹೋದ ತಿಂಗಳು ಎರಡೂ ಮೆಷಿನ್ ಮುಚ್ಚಿ ಮೂರು ದಿನವಾದರೂ ಮಾಡ್ಯೂಲ್ ಬಳಕೆಯಲ್ಲಿದೆಯೆಂದು ಹಟ ಹಿಡಿದಿರಲ್ಲ, ಆ ನಿಷ್ಠೆಗೆ ನಾನು ಕೈ ಮುಗಿದಿದ್ದೆ. ಇನ್ನೊಮ್ಮೆ, ತೋಟದ ಕೂಲಿಗೆ ಹೋಗುವ ಕಮಲಕ್ಕ ಎಂದಿನಂತೆ ಬರಿಗಾಲಲ್ಲಿ ಬಂದು ಮೂಲೆಯ ಬೆಂಚಿನಲ್ಲಿ ಕೂತಿದ್ದರು. ಹೊರಗೆ ಚಪ್ಪಲಿಯಿಲ್ಲವೆಂದು ಭೈರಮ್ಮ ಬೀಗ ಜಡಿದು ನಡೆದೇಬಿಟ್ಟರು.

ಮೊನ್ನೆ, ಅದೇ ಕಮಲಕ್ಕನ ವಿಧವಾ ಪಿಂಚಣಿ ನಿಲ್ಲದಿರಲು ಹೆಬ್ಬೆಟ್ಟು ಕೊಡಬೇಕಾದ ಕಡೆಯ ದಿನವಾಗಿತ್ತು. ಅಡಿಕೆ ಸುಲಿದೂ ಸುಲಿದೂ ನುಣ್ಣಗಾದ ಬೆರಳು. ಹತ್ತು ಸಲ ಒತ್ತಿದರೂ ಯಂತ್ರ ಗುರುತಿಸಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ ಹನ್ನೊಂದನೆಯ ಸಲ ಒತ್ತಿದಾಗ ಹಸಿರು ದೀಪ ಹತ್ತಿತು. ‘ಅಂತೂ ಹಿಡೀತಲ್ಲೇ ಮಾರಾಯ್ತಿ!’ ಎಂದು ಕಮಲಕ್ಕ ಬಾಯಿ ತುಂಬ ನಕ್ಕರು. ಅದೇ ಹೊತ್ತಿಗೆ ಪಹಣಿಯ ಮೆಷಿನ್ ಮುಚ್ಚಿತು. ತಾವು ಒಂದು ಕಳೆದು, ಸೊನ್ನೆಯೆಂದು ಸಾರಿದಿರಿ. ಪಿಂಚಣಿಯ ಮೆಷಿನ್ ಒಳಗೆ ಬಂದಾಗ ಒಂದು ಕೂಡಿಸಲು ತಾವು ಮರೆತಿದ್ದಿರೆಂಬುದು ನಮಗೆ ಹೇಗೆ ಗೊತ್ತಾಗಬೇಕು? ಕೊಪ್ಪದಲ್ಲಿ ಕೂತು ದುರಸ್ತಿ ನೋಡುವ ರಾಕೇಶ ತಮ್ಮ ಸೊನ್ನೆಯನ್ನು ನಂಬಿ, ಹೊಸ ಮಾಡ್ಯೂಲ್ ಕೂರಿಸಲೆಂದು ಹಳೆಯದನ್ನು ಎಬ್ಬಿಸಿ ಕಳಿಸಿದ. ಪರದೆ ಕಪ್ಪಾಯಿತು, ಇನ್ನೂ ದಾಖಲಾಗದಿದ್ದ ಹೆಬ್ಬೆಟ್ಟು ಹೋಯಿತು, ಕಂಪ್ಯೂಟರ್ ಮತ್ತೆ ಏಳುವಷ್ಟರಲ್ಲಿ ಗಡುವೂ ಹೋಯಿತು. ಫೋನ್ ಮಾಡಿದರೆ ರಾಕೇಶ, ‘ಕೌಂಟ್ ಸೊನ್ನೆ ಇತ್ತಲ್ಲ ಮೇಡಂ, ನಾನೆಂತ ಮಾಡ್ಲಿ?’ ಎಂದ. ಕಮಲಕ್ಕ ಮಾತ್ರ ಹೆಬ್ಬೆಟ್ಟನ್ನು ಇನ್ನೂ ಮೇಲೆತ್ತಿ ಹಿಡಿದುಕೊಂಡೇ, ‘ಹಿಡ್ದಿತ್ತಲ್ಲ ಸುಮಾ, ನೀನೇ ನೋಡಿದ್ಯಲ್ಲ?’ ಎಂದು ಕೇಳಿದರು. ನನಗೆ ವಿಪರೀತ ಸಿಟ್ಟು ಬಂದಿದೆ, ಮಾನ್ಯರೇ. ಅದನ್ನು ಸವಿನಯವಾಗಿಯೇ ತಿಳಿಸುತ್ತಿದ್ದೇನೆ.

ಕಮಲಕ್ಕನನ್ನು ಕೂಡಿಹಾಕಿದ ಮರುದಿನದಿಂದ ಭೈರಮ್ಮ ಬೀಗ ಹಾಕುವ ಮುನ್ನ ಒಳಗೆ ತಲೆ ಹಾಕಿ, ‘ಯಾರಾದ್ರೂ ಇದೀರೇನ್ರೇ?’ ಎಂದು ಮೂರು ಸಲ ಕೂಗುತ್ತಾರೆ. ಕಣ್ಣು ಮಿಟುಕಿಸುವುದರೊಳಗೆ ಕೋಟಿ ಲೆಕ್ಕ ಮುಗಿಸುವ ತಮಗೆ ಒಂದೇ ಒಂದು ಸಲ ಹಾಗೆ ಕೂಗಲು ಪುರುಸೊತ್ತಿಲ್ಲವೆ? ಆದಕಾರಣ ತಾವು ಸಪರಿವಾರ ಮೇಗುಂದಕ್ಕೆ ದಯಮಾಡಿಸಿ, ಭೈರಮ್ಮನವರ ಕೈಕೆಳಗೆ ಒಂದು ವಾರ ತರಬೇತಿ ಪಡೆಯಬೇಕೆಂದು ಬೇಡಿಕೊಳ್ಳುತ್ತೇನೆ. ಊಟ, ವಸತಿ ನಮ್ಮದು. ಬರುವಾಗ ಆ ಹಸಿರು ದೀಪವನ್ನೂ ಹುಡುಕಿ ತಂದರೆ ಉಪಕಾರವಾಗುತ್ತದೆ.

ತಮ್ಮ ಲೆಕ್ಕಕ್ಕೆ ಇನ್ನೂ ಸಿಗದ ವಿಶ್ವಾಸಿ,
ಸುಮಲತಾ

ಮರೆತ ಮಾತು: ಹೊಸದಾಗಿ ಅರ್ಜಿ ಹಾಕಲು ಕಮಲಕ್ಕ ಸೋಮವಾರ ಬರುತ್ತಾರೆ. ಪಿಂಚಣಿ ಯಾಕೆ ನಿಂತಿತೆಂದು ಕೇಳಿದ್ದಕ್ಕೆ ತಮ್ಮ ಎಣಿಕೆಯ ವೈಖರಿಯನ್ನು ಭೈರಮ್ಮನ ಚಪ್ಪಲಿ ಲೆಕ್ಕದ ಮೂಲಕವೇ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, ಹಾಗಾದರೆ ಆ ದಿನ ತೋಟದ ಒಡತಿ ಸುಲೋಚನಮ್ಮನವರ ಹಳೆಯ ಚಪ್ಪಲಿ ಕೇಳಿ ಮೆಟ್ಟಿಕೊಂಡು ಬರುತ್ತೇನೆ ಎಂದಿದ್ದಾರೆ. ಅಳತೆ ಎರಡು ಬೆರಳು ದೊಡ್ಡದಂತೆ, ಆದರೂ ನಡೆಯುತ್ತಾರಂತೆ. ತಮಗೆ ಕಾಣುವ ಹಾಗೆ ಕಂಪ್ಯೂಟರಿನ ಎದುರಿಗೇ ಬಿಡಿಸುತ್ತೇನೆ. ಈ ಸಲವಾದರೂ ದಯವಿಟ್ಟು ‘ಒಂದು’ ಎನ್ನಿ.