ಹದಿನೇಳನೇ ಫ್ಲಾಟಿನ ಬಾಗಿಲು

ಇಂಗ್ಲಿಷರ ನಾಡಿನ ಕೊಲಿಂಡೇಲ್‌ನಲ್ಲಿ, ಹದಿನೇಳನೇ ನಂಬರಿನ ಫ್ಲಾಟಿನ ಬಾಗಿಲ ಮೇಲೆ ಋಷಿಕೇಶ್ ಮೂರು ಭಾನುವಾರ ಕೂತು ಚಿತ್ರ ಬಿಡಿಸಿದ್ದ. ನೀಲಿ ಚೌಕಗಳು, ಅವುಗಳ ಮೇಲಿಂದ ಉರುಳುವ ಹಳದಿ ವೃತ್ತಗಳು, ನಡುವೆ ಒಂದು ಕೆಂಪು ತ್ರಿಕೋನ. ಹತ್ತು ವರ್ಷ ಬೇರೆಯವರ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕಿದವನು ಮೊದಲ ಸಲ ತನ್ನದೇ ಎನ್ನುವಂಥದ್ದೊಂದನ್ನು ಮಾಡಿದ್ದ. ಶನಿವಾರ ಬೆಳಿಗ್ಗೆ ಕಟ್ಟಡದ ಮ್ಯಾನೇಜರಿಂದ ಪತ್ರ ಬಂತು: ಎಲ್ಲ ಬಾಗಿಲೂ ಒಂದೇ ಥರ ಇರಬೇಕು, ಕೂಡಲೇ ಬೂದು ಬಣ್ಣ ಬಳಿಯಿರಿ.

"ಬೂದಿ ಬಳ್ಕೊಳ್ಳೋಕೆ ನಾವೇನು ಸನ್ಯಾಸ ತಗೊಂಡಿದ್ದೀವಾ?" ಎಂದು ಋಷಿಕೇಶ್ ಕುದಿದ.

"ನಾಲ್ಕು ಗಂಟೆಗೆ ಆ ಮ್ಯಾನೇಜರಮ್ಮನೇ ಬರ್ತಾರಂತೆ. ಅಷ್ಟರಲ್ಲಿ ಚಿತ್ರ ಹಾಗೇ ಇರಲಿ ಅಂತ ಎಲ್ಲರ ಸೈನ್ ಹಾಕಿಸ್ಕೊಂಡು ಬಾ," ಎಂದಳು ಹೆಂಡತಿ ಸ್ಮೃತಿ.

ಎದುರು ಫ್ಲಾಟಿನ ಡಾಕ್ಟರ ತಾಯಿ, ಧಾರವಾಡದ ಕಾಶವ್ವ, ಕನ್ನಡಕ ಏರಿಸಿ ಬಾಗಿಲು ನೋಡಿದರು. "ಛಂದ ಅದ ತಮ್ಮಾ. ಹಪ್ಪಳ ಒಣಗ ಹಾಕಿದಂಗ ಕಾಣ್ತದ."

"ಹಪ್ಪಳ ಅಲ್ಲಮ್ಮ, ಅವು ವೃತ್ತ."

"ಹಪ್ಪಳನೂ ಗುಂಡಗನ ಇರ್ತಾವಲ್ಲಪಾ," ಎಂದು ಸಹಿ ಹಾಕಿದರು.

ಮೇಲಿನ ಮಹಡಿಯ ಶಮಂತ್ ಪೆನ್ನು ಹಿಡಿದು ಅನುಮಾನಿಸಿದ. "ಸಾರ್, ಆ ತ್ರಿಕೋನದ ಚೂಪು ಲಿಫ್ಟ್ ಕಡೆ ಇದೆ. ನಿನ್ನೆ ಪಿಜ್ಜಾದವನು ಅದನ್ನ ನೋಡಿ ವಾಪಸ್ ಹೊರಟುಹೋದ."

"ಅದು ಬಾಣ ಅಲ್ಲ ಶಮಂತ್."

"ನನಗೆ ಗೊತ್ತು ಸಾರ್. ಅವನಿಗೆ ಗೊತ್ತಿರಲಿಲ್ಲ."

ಐದನೇ ಮಹಡಿಯಲ್ಲೊಬ್ಬರು, "ನಿಮ್ಮ ಮಗು ಚೆನ್ನಾಗಿ ಬರೆದಿದೆ, ಬೈಬೇಡಿ," ಎಂದು ಬುದ್ಧಿ ಹೇಳಿ ಸಹಿ ಹಾಕಿದರು. ಋಷಿಕೇಶನಿಗೆ ಮಕ್ಕಳಿರಲಿಲ್ಲ. ಒಂದೊಂದು ಸಹಿಗೂ ಒಂದೊಂದು ಅವಮಾನ ನುಂಗುತ್ತ ಮೂವತ್ತೆಂಟು ಸಹಿ ಕೂಡಿಸುವಷ್ಟರಲ್ಲಿ ಅವನ ಮುಖ ಆ ತ್ರಿಕೋನಕ್ಕಿಂತ ಕೆಂಪಾಗಿತ್ತು.

ನಾಲ್ಕಕ್ಕೆ ಮ್ಯಾನೇಜರ್ ಕ್ಲೇರ್ ಬಂದರು. ಕಲೆ, ಸ್ವಾತಂತ್ರ್ಯ, ಮನುಷ್ಯನ ಘನತೆ ಎಂದು ಅರ್ಧ ಗಂಟೆ ಜಗಳಕ್ಕೆ ಸಿದ್ಧನಾಗಿ ಋಷಿಕೇಶ್ ಬಾಗಿಲಿಗೆ ಅಡ್ಡ ನಿಂತಿದ್ದ. ಆಕೆ ಸಹಿಗಳನ್ನು ಓದಿ, ಎರಡೇ ನಿಮಿಷದಲ್ಲಿ ಒಪ್ಪಿಬಿಟ್ಟರು.

"ಇಷ್ಟು ಜನಕ್ಕೆ ಇಷ್ಟ ಆಗಿದೆ ಅಂದಮೇಲೆ ಬೂದು ಬಣ್ಣ ಬೇಡ," ಎನ್ನುತ್ತ ಬಾಗಿಲಿನ ಫೋಟೊ ತೆಗೆದರು. "ಇದನ್ನೇ ಪ್ರಿಂಟ್ ಹಾಕಿಸಿ ನಲವತ್ತು ಬಾಗಿಲಿಗೂ ಅಂಟಿಸ್ತೀವಿ."

"ಎಲ್ಲದಕ್ಕೂ ಹೇಗೆ? ಇದು ನನ್ನದು," ಎಂದ ಋಷಿಕೇಶ್.

"ನಿಮ್ಮ ಬಾಗಿಲಿಗೂ ಒಂದು ಬರುತ್ತೆ, ಚಿಂತೆ ಬೇಡ," ಎಂದರು ಕ್ಲೇರ್, ಹಳದಿ ವೃತ್ತವೊಂದರ ಅಂಚಿನ ಮೇಲೆ ಬೆರಳಾಡಿಸುತ್ತ. "ಆದರೆ ಇದು ಕೈಯಲ್ಲಿ ಬರೆದದ್ದು, ಸ್ವಲ್ಪ ಸೊಟ್ಟ ಇದೆ. ಮಿಕ್ಕವುಗಳಿಗೆ ಹೊಂದಲ್ಲ. ಸೋಮವಾರದೊಳಗೆ ಉಜ್ಜಿ ತೆಗೆದುಬಿಡಿ."